ತೊಳೆದು ಬಿಟ್ಟ ನೆಲ

ನಾನು ಲಂಡನ್ನಿನ ಇಲ್ಫರ್ಡಿನ ಈ ಮನೆಗೆ ಬಂದ ಮೊದಲ ವಾರವೇ ಮನೆಯೊಡತಿ ಐಲಾ ನನ್ನ ಕೈಗೊಂದು ಟವೆಲ್ ಕೊಟ್ಟು, ಹಿತ್ತಲಿನ ಮರದ ಕೋಣೆಯಲ್ಲಿ ಕಾದ ಕಲ್ಲುಗಳ ಮುಂದೆ ಕೂತು ಬೆವರಿ ಬಾ ಎಂದರು. ಧಾರವಾಡದಲ್ಲಿ ಬೆವರಲು ಯಾರೂ ಪ್ರತ್ಯೇಕ ಏರ್ಪಾಡು ಮಾಡಿಕೊಳ್ಳುವುದಿಲ್ಲ. ಇದು ಸೌನಾ. ಐಲಾ ಫಿನ್ಲೆಂಡಿನವರು.

ಮೇಲಿನ ಕೋಣೆ ಖಾಲಿ ಇತ್ತು. ನನ್ನ ಆಫೀಸಿನ ಗಲಿನಾ ವಾರದೊಳಗೆ ತನ್ನ ಫ್ಲ್ಯಾಟ್ ಬಿಡಬೇಕಿತ್ತು. ರಷ್ಯಾದವಳೆಂದು ತಿಳಿದು ಮೂರು ಮನೆಯವರು ಆಗಲೇ ಇಲ್ಲ ಎಂದಿದ್ದರು. ನಾನೇ ಕರೆತಂದೆ. ಇತಿಹಾಸದಲ್ಲಿ ಎಂಎ ಮಾಡಿದ ಧೈರ್ಯ: ಫಿನ್ಲೆಂಡ್ ನೂರಕ್ಕೂ ಹೆಚ್ಚು ವರ್ಷ ರಷ್ಯಾದ ದೊರೆಗಳ ಕೈಕೆಳಗಿತ್ತು, ಆಮೇಲೆ ಸ್ವತಂತ್ರವಾಯಿತು, ಯುದ್ಧದಲ್ಲಿ ಕರೇಲಿಯಾ ಎಂಬ ಗಡಿನಾಡನ್ನು ರಷ್ಯಾಕ್ಕೆ ಬಿಟ್ಟುಕೊಟ್ಟಿತು, ಆದರೂ ನೆರೆಯವರ ನಂಟು ಹರಿಯದು ಎಂದು ವಾದಿಸಲು ಸಿದ್ಧನಾಗಿದ್ದೆ.

"ಉಪನ್ಯಾಸ ಆಮೇಲೆ. ಮೊದಲು ತಿನ್ನಿ," ಎಂದರು ಐಲಾ. ತಟ್ಟೆಯಲ್ಲಿ ಪೀರಕ್ಕ: ರೈ ಎಂಬ ಧಾನ್ಯದ ಹಿಟ್ಟಿನ ತೆಳು ಹಾಳೆಗೆ ಅಕ್ಕಿ ಗಂಜಿ ತುಂಬಿ, ಅಂಚು ಮಡಚಿ ಬೇಯಿಸಿದ ತಿಂಡಿ.

"ನಮ್ಮಜ್ಜಿಯೂ ಇದನ್ನೇ ಮಾಡ್ತಿದ್ದರು. ಇದಕ್ಕೆ ಕಲೀತ್ಕ ಅಂತಿದ್ದರು," ಎಂದಳು ಗಲಿನಾ. "ಯುದ್ಧದ ನಂತರ ನಮ್ಮ ಸರ್ಕಾರದವರು ಅವರನ್ನು ಕರೇಲಿಯಾಕ್ಕೆ ಕಳಿಸಿ, ಖಾಲಿ ಮನೆಯೊಂದನ್ನು ಕೊಟ್ಟಿದ್ದರು."

ಐಲಾ ಬೆಣ್ಣೆ ಸವರುವುದನ್ನು ನಿಲ್ಲಿಸಿದರು. "ನಮ್ಮಮ್ಮ ಅಂಥದ್ದೇ ಒಂದು ಮನೆ ಬಿಟ್ಟು ಬಂದವಳು. ಹೊರಡುವ ಬೆಳಿಗ್ಗೆ ನೆಲ ತಿಕ್ಕಿ ತೊಳೆದಳು."

"ಹೊರಡುವಾಗಲಾ? ನಮ್ಮಲ್ಲಿ ಹಾಗೆ ಮಾಡಿದರೆ ಹೋದವರು ವಾಪಸ್ ಬರೋದಿಲ್ಲ," ಎಂದುಬಿಟ್ಟಳು ಗಲಿನಾ. ಅಂದ ಮೇಲೆ ಮುಖ ಕೆಂಪಾಯಿತು.

ಕೋಣೆ ಕೈತಪ್ಪಿತು ಎಂದುಕೊಂಡೆ. ನಮ್ಮಲ್ಲೂ ಊರಿಗೆ ಹೊರಟವರ ಬೆನ್ನಿಗೇ ಕಸ ಗುಡಿಸುವುದಿಲ್ಲ ಎಂದು ಹೇಳಿ ಇನ್ನಷ್ಟು ಕೆಡಿಸಿದೆ.

"ಬರಲಿಲ್ಲ," ಎಂದರು ಐಲಾ. ಬೆಣ್ಣೆಯ ಚಾಕು ಕೆಳಗಿಟ್ಟು, "ನಿಮ್ಮಜ್ಜಿ ಕಾಲಿಟ್ಟಾಗ ನೆಲ ಹೇಗಿತ್ತಂತೆ?"

"ತುಂಬ ಚೊಕ್ಕ. ಮನೆಯವರು ಸಂಜೆಗೆ ಬಂದುಬಿಡ್ತಾರೆ ಅಂತ ಹೆದರಿ ಮೂರು ದಿನ ತಂದ ಗಂಟನ್ನೇ ಬಿಚ್ಚಲಿಲ್ಲವಂತೆ."

ಸೈನಿಕರು ಓಡಾಡಿದ ಊರಿನಲ್ಲಿ ನೆಲ ಅಷ್ಟು ಚೊಕ್ಕವಾಗಿ ಉಳಿದೀತೆ? ಅನುಮಾನವನ್ನು ನುಂಗಿಕೊಂಡೆ. ಐಲಾ ಕೀಲಿಕೈ ತರಲು ಎದ್ದರು.

"ಶನಿವಾರ ಸಾಮಾನು ತನ್ನಿ. ಗಂಟು ಅದೇ ದಿನ ಬಿಚ್ಚಬೇಕು."

ಮರುದಿನ ಧಾರವಾಡಕ್ಕೆ, ಅಕ್ಕನಿಗೆ ಫೋನ್ ಮಾಡಿದೆ. ನಾನು ಹೊರಟ ದಿನ ಅಕ್ಕ ಕಸಬರಿಗೆ ಮುಟ್ಟದೆ ಕೂತಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ; ಹೌದಲ್ಲವೇ ಎಂದು ಕೇಳಿದೆ.

"ಅವತ್ತ ಗುಡಿಸೀನಿ ತಮ್ಮಾ," ಎಂದಳು. "ನಿನ್ನ ಕಳಸಾಕ ಬಂದ ಮಂದಿ ಮನಿ ತುಂಬ ಮಣ್ಣು ತುಳದಿದ್ರು. ಎಂಎ ಮಾಡಿದಾವ ಈಗ ಕಸದ ಇತಿಹಾಸ ಬರಿಯಾಂವ ಏನು?"

ಹೊರಟವನು ನಾನು; ಆಮೇಲೆ ನಡೆದದ್ದನ್ನು ನೋಡಿದ್ದಾದರೂ ಹೇಗೆ? ಸಾಕ್ಷ್ಯವೆಲ್ಲ ಅಕ್ಕನ ಕಡೆಗಿದೆ. ಈ ವಾರ ಇಲ್ಫರ್ಡಿನ ಬಾಡಿಗೆ ಕರಾರಿಗೆ ಮತ್ತೆರಡು ವರ್ಷಕ್ಕೆ ಸಹಿ ಹಾಕಿದೆ. ಧಾರವಾಡದ ಆ ನೆಲವನ್ನು ಮಾತ್ರ ಇನ್ನೂ ಯಾರೂ ಗುಡಿಸಿಲ್ಲ ಎಂದೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.