ಚೀಲ ಹಿಡಿದು ನಿಂತವಳು

ನೀಲಾ, ನಿಮ್ಮ ಪಡಸಾಲೆಯ ಗೋಡೆಯ ಮೇಲಿರುವ ಫೋಟೋದಲ್ಲಿ ನಿನ್ನ ಅವ್ವ ನನ್ನ ಚೀಲ ಹಿಡಿದುಕೊಂಡು ನಿಂತಿದ್ದಾಳಲ್ಲ — ಅದು ನೀನು ತಿಳಿದುಕೊಂಡ ಕಾರಣಕ್ಕಲ್ಲ. ಅವಳು ನಮ್ಮ ಮನೆಯ ಕೆಲಸದವಳು ಎಂದು ಆ ದಿನ ನಾನು ಹೇಳಿದ್ದೆ. ಅದಕ್ಕೆ ಹಿಡಿದುಕೊಂಡಿದ್ದಾಳೆ.

ಇಷ್ಟು ಬರೆಯಲಿಕ್ಕೆ ನನಗೆ ನಲವತ್ತು ವರ್ಷದ ಮೇಲೆ ಹಿಡಿಯಿತು. ಹೋದ ತಿಂಗಳು ನಿಮ್ಮ ಮನೆಗೆ ಬಂದಾಗ ನೀನು ಮೊಮ್ಮಗಳಿಗೆ ಆ ಫೋಟೋ ತೋರಿಸಿ, “ನೋಡಲೇ, ನಮ್ಮವ್ವ ವಿಧಾನಸೌಧದ ಮುಂದ ಹೆಂಗ ನಿಂತಾಳ. ಅತ್ತಿ ಕರಕೊಂಡು ಹೋಗಿದ್ಲು” ಅಂದೆ. ನಾನು ಎದುರಿಗೇ ಚಹಾ ಕುಡಿಯುತ್ತ ಕುಳಿತಿದ್ದೆ.

ನನ್ನ ಅವ್ವ ತೀರಿಕೊಂಡಾಗ ನನಗೆ ಆರು ವರ್ಷ. ಅದೇ ವರ್ಷ ನಿನ್ನ ಅವ್ವ ನಮ್ಮಣ್ಣನನ್ನು ಮದುವೆಯಾಗಿ, ನನಗೆ ವೈನಿಯಾಗಿ, ಕುಂದಗೋಳದ ಮನೆಗೆ ಬಂದಳು. ಅವಳಿಗಾದರೂ ಎಷ್ಟು ವಯಸ್ಸು — ಹದಿನಾರೋ ಹದಿನೇಳೋ. ನನ್ನ ತಲೆಯ ಹೇನು ತೆಗೆದು ಜಡೆ ಹಾಕಿದವಳು ಅವಳು. ಹುಡುಗಿಗೆ ಇಷ್ಟು ಸಾಲಿ ಸಾಕು ಎಂದ ಅಣ್ಣನ ಜೊತೆ ಮೂರು ದಿನ ಮಾತು ಬಿಟ್ಟು ನನ್ನನ್ನು ಓದಿಸಿದವಳು. “ನೌಕರಿ ಸಿಕ್ಕರ ನಿನಗ ಬೆಂಗಳೂರು ತೋರಸ್ತೇನಿ ವೈನಿ” ಎಂದು ಅವಳ ತೊಡೆಯ ಮೇಲೆ ತಲೆಯಿಟ್ಟು ಹೇಳುತ್ತಿದ್ದೆ.

ನೌಕರಿ ಸಿಕ್ಕಿತು. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಶಿಕ್ಷಕಿಯರ ತರಬೇತಿಗೆಂದು ನನ್ನನ್ನು ಮೂರು ತಿಂಗಳು ಬೆಂಗಳೂರಿಗೆ ಕಳಿಸಿದರು. ಅಲ್ಲಿ ನನ್ನ ಕೋಣೆಯಲ್ಲಿ ವಿಮಲಾ, ಇಂದಿರಾ ಎಂಬ ಇಬ್ಬರು ಇದ್ದರು, ಪೇಟೆಯಲ್ಲೇ ಬೆಳೆದವರು. ನಾನು ಬಾಯಿ ತೆರೆದರೆ ಸಾಕು, ನಗುತ್ತಿದ್ದರು. ಕೆಟ್ಟವರಲ್ಲ — ಸುಮ್ಮನೆ ನಗು. ಆದರೆ ಅದಕ್ಕೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ನಾಲಿಗೆ ತಿದ್ದಿಕೊಂಡೆ, ಅವರ ಹಾಗೆಯೇ ಮಾತಾಡಲು ಕಲಿತೆ. ಅದೂ ಸಾಲದೆ, ಊರಲ್ಲಿ ನಮ್ಮದು ದೊಡ್ಡ ವಾಡೆ, ಮನೆ ತುಂಬ ಆಳುಕಾಳು ಎಂದು ಬುರುಡೆ ಬಿಟ್ಟೆ.

ತರಬೇತಿ ಮುಗಿದ ಮರುದಿನ ಬೆಳಿಗ್ಗೆ ವೈನಿ ರೈಲಿನಿಂದ ಇಳಿದಳು. ನನ್ನನ್ನು ಕರೆದೊಯ್ಯುವ ನೆಪ, ಊರು ನೋಡುವ ಆಸೆ. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಕೈಯಲ್ಲಿ ರೊಟ್ಟಿಯ ಗಂಟು. ಸಂಜೆಯ ಗಾಡಿಗೆ ಇಬ್ಬರೂ ಹೊರಡಬೇಕು. ನಡುವಿನ ಒಂದು ಹಗಲಷ್ಟೇ ಅವಳ ಬೆಂಗಳೂರು.

ಮೊದಲು ವಸ್ತುಸಂಗ್ರಹಾಲಯಕ್ಕೆ ಹೋದೆವು. ಮೆಟ್ಟಿಲ ಬಳಿ ಅವಳು ಚಪ್ಪಲಿ ಬಿಟ್ಟಳು.

“ವೈನಿ, ಇದು ಗುಡಿ ಅಲ್ಲ.”

“ಒಳಗ ದೇವ್ರು ಅದಾವೋ ಇಲ್ಲೋ?”

“ಅದಾವು.”

“ಮತ್ತ?”

ನಾನು ನಕ್ಕೆ. ಆ ದಿನ ನಾನು ಅವಳ ಜೊತೆ ನಕ್ಕಿದ್ದು ಅದೊಂದೇ ಸಲ.

ದಿನಾ ಮುಂಜಾನೆ ಓಣಿಯ ಬಸವಣ್ಣನ ಹಣೆಗೆ ವಿಭೂತಿ ಹಚ್ಚದೆ ಅವಳು ತುತ್ತು ಬಾಯಿಗಿಡುತ್ತಿರಲಿಲ್ಲ, ನಿನಗೇ ಗೊತ್ತು. ಅಂದೂ ಏನೂ ತಿಂದಿರಲಿಲ್ಲ. ಒಳಗೆ ಹಳೆಯ ಕಲ್ಲುಗಳ ನಡುವೆ ಮಂಡಿಯೆತ್ತರದ ಒಂದು ಬಸವಣ್ಣ ಕುಳಿತಿತ್ತು, ಒಂದು ಕೋಡು ಮುರಿದಿತ್ತು. ವೈನಿ ಅದರ ಮುಂದೆ ನಿಂತೇ ಬಿಟ್ಟಳು. “ಅಯ್ಯ ಶಿವನ... ಬರೇ ಹಣಿಲೇ ಕುಂದ್ರಿಸ್ಯಾರಲ್ಲ. ಎಷ್ಟ ವರ್ಷ ಆತೋ ಏನೋ ಪಾಪ.” ಅದೇ ಹೊತ್ತಿಗೆ ವಿಮಲಾ, ಇಂದಿರಾ ಒಳಗೆ ಬರುವುದು ಕಂಡಿತು. ನಾನು ಅತ್ತ ನೋಡುವಷ್ಟರಲ್ಲಿ ಇವಳು ನಡುವಿನ ಸಂಚಿ ಬಿಚ್ಚಿ, ಕಲ್ಲಿನ ಹಣೆಯ ಮೇಲೆ ಮೂರು ಬೆರಳು ಎಳೆದಾಗಿತ್ತು.

“ಏನಮ್ಮಾ ಇದು! ಮುಟ್ಟಬಾರದು! ಯಾರ್ರೀ ಇವರನ್ನ ಕರ್ಕೊಂಡು ಬಂದಿರೋದು?” — ಕಾವಲುಗಾರ ಓಡಿ ಬಂದ. ಎಲ್ಲರೂ ತಿರುಗಿ ನೋಡಿದರು. ವಿಮಲಾ ನನ್ನ ಹತ್ತಿರ ಬಂದು ಕೇಳಿದಳು: “ಕಮಲಾ, ನಿಮ್ಮ ಮನೆಯವರಾ?”

“ಅಯ್ಯೋ, ಅಲ್ಲಪ್ಪ. ನಮ್ಮ ಮನೆ ಕೆಲಸದವಳು. ಊರು ನೋಡ್ಬೇಕು ಅಂತ ಗಂಟು ಬಿದ್ದಳು.”

ಅವರ ಕನ್ನಡದಲ್ಲಿ, ಒಂದು ತಪ್ಪಿಲ್ಲದೆ ಹೇಳಿದೆ. ಯಾರೂ ನನ್ನ ಬಾಯಿಂದ ಹೇಳಿಸಲಿಲ್ಲ ನೀಲಾ. ಹೌದು ಎಂದಿದ್ದರೆ ಏನಾಗುತ್ತಿತ್ತು — ಇನ್ನೊಮ್ಮೆ ನಗುತ್ತಿದ್ದರು, ಅಷ್ಟೇ.

ವೈನಿ ಕೇಳಿಸಿಕೊಂಡಳು. ನನ್ನ ಮುಖವನ್ನು ಒಮ್ಮೆ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ನಾನು ಇಷ್ಟು ವರ್ಷ — ಇಲ್ಲ, ಸಿಟ್ಟಿರಲಿಲ್ಲ. ಆಮೇಲೆ ಕಾವಲುಗಾರ ಹೇಳಿದಂತೆ ಸೆರಗಿನಿಂದ ಆ ವಿಭೂತಿಯನ್ನು ತಾನೇ ಒರೆಸಿ, ನನ್ನ ಬಳಿ ಬಂದು ಕೈ ಚಾಚಿದಳು.

“ಕೊಡ್ರಿ ಬಾಯಾರ. ಚೀಲ ನಾ ಹಿಡೀತೇನಿ.”

ನಾನು ಕೊಟ್ಟೆ.

ಆ ಇಬ್ಬರೂ ನಮ್ಮ ಜೊತೆಗೇ ಹೊರಟರು. ಇಡೀ ಹಗಲು ವೈನಿ ನನ್ನ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆದಳು. ಲೇ, ಬೇ ಎಂದು ಕರೆಯುತ್ತಿದ್ದವಳು ಮನೆಯೊಡತಿಯನ್ನು ಕರೆಯುವಂತೆ ‘ಬಾಯಾರ’ ಎಂದೇ ಕರೆದಳು, ಒಂದು ಮಾತಿನಲ್ಲೂ ತಪ್ಪಿ ‘ಕಮಲಿ’ ಎನ್ನಲಿಲ್ಲ. ನನ್ನ ಸುಳ್ಳನ್ನು ನನಗಿಂತ ಜೋಪಾನವಾಗಿ ಕಾಪಾಡಿದಳು. ವಿಧಾನಸೌಧದ ಮುಂದೆ ಫೋಟೋದವನು “ಹತ್ತಿರ ನಿಂತ್ಕೊಳ್ಳಿ” ಎಂದರೂ ಹಿಂದೆಯೇ ನಿಂತಳು. ಲಾಲ್‌ಬಾಗಿನ ಹುಲ್ಲಿನ ಮೇಲೆ ನಾವು ಮೂವರೂ ಕುಳಿತು ಅವಳು ತಟ್ಟಿದ ರೊಟ್ಟಿ, ಅವಳು ಕುಟ್ಟಿದ ಶೇಂಗಾ ಹಿಂಡಿ ತಿಂದೆವು. “ನಿಮ್ಮ ಕೆಲಸದವಳ ಕೈರುಚಿ ಚೆನ್ನಾಗಿದೆ ಕಣ್ರೀ” ಎಂದಳು ಇಂದಿರಾ. ವೈನಿಯನ್ನು ಕರೆದರೆ, “ನಿಮ್ದಾಗ್ಲಿ ಬಿಡ್ರಿ, ನಂದೇನ ಅವಸರ” ಎಂದು ಮರದ ಕೆಳಗೆ ದೂರ ಕುಳಿತಳು. ಅವಳಿಗೆ ಎಷ್ಟು ಉಳಿಯಿತೆಂದು ನಾನು ನೋಡಲಿಲ್ಲ.

ರೈಲು ಹೊರಟಾಗ ಇನ್ನೂ ಬೆಳಕಿತ್ತು. ನಾವಿಬ್ಬರೇ ಉಳಿದಿದ್ದೆವು. “ವೈನಿ...” ಎಂದೆ.

ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. “ಆ ಬಸವಣ್ಣ ಚಂದ ಇತ್ತಲೇ ಕಮಲೀ” ಎಂದಳು. “ಒಂದೀಟು ವಿಭೂತಿ ಇರಾಕ ಬಿಟ್ಟಿದ್ರ ಏನ ಆಗ್ತಿತ್ತು ಅವರಿಗೆ?”

ಕಮಲಿ ಎಂದಳಲ್ಲ, ಮುಗಿಯಿತು ಅಂದುಕೊಂಡೆ. ಮಾತು ಮರೆಸಿದ್ದು ಅವಳ ದೊಡ್ಡತನ. ಅದರ ಹಿಂದೆ ಅಡಗಿಕೊಂಡಿದ್ದು ನನ್ನ ಸಣ್ಣತನ. ಮುಂದೆ ಎಷ್ಟು ಹಬ್ಬ, ಎಷ್ಟು ಬಾಣಂತನ — ಒಂದೇ ಒಲೆಯ ಮುಂದೆ ನಾವಿಬ್ಬರೇ ಎಷ್ಟು ಸಲ ಕುಳಿತಿಲ್ಲ! ಕೊನೆಯ ವರ್ಷ ಅವಳ ಕಾಲು ಒತ್ತುವಾಗಲೂ ತಪ್ಪಾಯಿತು ಎನ್ನಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ... ಅವಳು ಹೋಗಿ ಹನ್ನೆರಡು ವರ್ಷವಾಯಿತು.

ಆ ಫೋಟೋ ತೆಗೆಯಬೇಡ. ಆದರೆ ಮೊಮ್ಮಗಳು ಇನ್ನೊಮ್ಮೆ ಕೇಳಿದರೆ, ಇಲ್ಲಿ ಬರೆದದ್ದನ್ನೇ ಹೇಳು. ನಿನಗೆ ಬಾಯಿ ಬರದಿದ್ದರೆ ನಾನೇ ಬಂದು ಹೇಳುತ್ತೇನೆ.

ಇನ್ನೊಂದು ಉಳಿದಿದೆ. ಊರಿಗೆ ಬಂದ ಮೇಲೆ ವೈನಿ ನೀರಿಗೆ ಹೋದಲ್ಲಿ, ಹಿಟ್ಟಿನ ಗಿರಣಿಯಲ್ಲಿ, ವರ್ಷಗಟ್ಟಲೆ ಬೆಂಗಳೂರಿನ ಕತೆ ಹೇಳಿದಳು. ನೀನೂ ಅವಳ ಮಗ್ಗುಲಲ್ಲಿ ಕುಳಿತು ಕೇಳಿದ್ದೀ. ಪ್ರತಿ ಸಲ ಒಂದೇ ಮಾತಿನಿಂದ ಮುಗಿಸುತ್ತಿದ್ದಳು: “ಅಷ್ಟು ಮಂದ್ಯಾಗ ನಮ್ಮ ಕಮಲಿ ನನ್ನ ಕೈ ಬಿಡಲೇ ಇಲ್ಲ ನೋಡ್ರಿ.”

ಬಿಟ್ಟಿದ್ದೆ ನೀಲಾ. ಕೈ ಬಿಟ್ಟು ಚೀಲ ಕೊಟ್ಟಿದ್ದೆ.