ದವಡೆಯ ಅಡಕೆ

ದವಡೆಯಲ್ಲಿ ಅಡಕೆಯಿಲ್ಲದೆ ಕುಳ್ಳಯ್ಯ ಮೆಣಸು ಕೊಯ್ಯಲು ಏಣಿ ಹತ್ತಿದವನೇ ಅಲ್ಲ. ತೊಂಬತ್ತೆಂಟನೇ ಇಸವಿಯಲ್ಲಿ ವನಗೂರಿನ ಎಸ್ಟೇಟಿನಲ್ಲಿ ಏಣಿ ಜಾರಿದಾಗ ಕೊಂಬೆ ಹಿಡಿದು ಬಚಾವಾದ; ಅಡಕೆ ಮಾತ್ರ ಗಂಟಲಿಗಿಳಿಯಿತು. ಕೆಮ್ಮಿದ, ನುಂಗಿದೆನೆಂದುಕೊಂಡು ಮರೆತ.

ತಿಂಗಳೊಳಗೆ ಚಳಿಜ್ವರ, ಹತ್ತಿರ ನಿಲ್ಲಲಾಗದಂಥ ನಾತದ ಕಫ. ಕೂಲಿಲೈನಿನ ಮನೆಗಳವರೆಲ್ಲ ಟೀಬಿ ಎಂದರು. ಅವರ ಬಾಯಿಗೆ ಹೆದರಿ ಹೆಂಡತಿ ಮಾದೇವಮ್ಮ ಅವನ ತಟ್ಟೆಯನ್ನು ಹೊರಗಿಟ್ಟಳು.

ಹಾಸನದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು. ಶ್ವಾಸಕೋಶದಲ್ಲಿ ಕೀವು ತುಂಬಿದ ಗುಳಿಯಿತ್ತು. ಕಫದಲ್ಲಿ ಟೀಬಿ ಇರಲಿಲ್ಲ.

“ಗಂಟಲಲ್ಲಿ ಏನಾದ್ರೂ ಸಿಕ್ಕೊಂಡಿತ್ತಾ?”

ಆಗ ಏಣಿ ನೆನಪಾಯಿತು. ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಅಲ್ಲಿ ಸಿಕ್ಕಿಕೊಂಡಿದ್ದ ಅಡಕೆಚೂರು ತೆಗೆದರು. ಆರು ವಾರ ಮಾತ್ರೆ, ಜ್ವರ ಬಿಟ್ಟರೂ ನಿಲ್ಲಿಸಬಾರದು ಎಂದರು.

ಮನೆಗೆ ಬಂದವನೇ ಕೂಗಿದ: “ಟೀಬಿ ಅಲ್ವಂತೆ ಕಣೇ! ನನ್ ತಟ್ಟೆ ಒಳಗಿಡು.”

“ತಟ್ಟೆ ಹೊರಗಿಟ್ಟ ಮೊದಲ್ನೇ ದಿನದಿಂದ್ಲೂ ನೀನ್ ಉಂಡ್ಮೇಲೆ ಅದ್ರಲ್ಲೇ ನಾನೂ ಉಣ್ತಿದ್ದೆ,” ಎಂದಳು ಮಾದೇವಮ್ಮ.