ರೈಟ್ ಹೇಳದೆ ಹೊರಡದ ಬಸ್ಸು

ನಮ್ಮ ಪಕ್ಕದ ಮನೆಯ ಕಂಡಕ್ಟರ್ ಮಾವ ನೆಲದ ಮೇಲೆ ನಿಂತಾಗಲೂ ಕಾಲು ಅಗಲಿಸಿ, ಸೊಂಟವನ್ನು ಬಾಗಿಲಿಗೆ ಆನಿಸಿಯೇ ನಿಲ್ಲುತ್ತಿದ್ದರು. ಪಿರಿಯಾಪಟ್ಟಣದ ನೆಲ ಯಾವಾಗ ಬ್ರೇಕ್ ಹಾಕೀತೋ ಎಂಬ ಅನುಮಾನ ಅವರಿಗೆ ರಿಟೈರಾದ ಮೇಲೂ ಹೋಗಿರಲಿಲ್ಲ. ಗಂಟಲಂತೂ, ಅಬ್ಬಬ್ಬಾ! ಹೆಂಡತಿಯನ್ನು ಕಾಫಿ ಕೇಳಿದರೆ ಬೀದಿಗೆಲ್ಲ ಕೇಳಿಸುತ್ತಿತ್ತು.

ಆಗ ನನ್ನ ಮಗನಿಗೆ ಐದು ವರ್ಷ. ಮೈಸೂರಿನ ಡಾಕ್ಟರು ಆಟಿಸಂ ಎಂದಿದ್ದರು. ಬೇರೆ ಮಕ್ಕಳ ಜೊತೆ ಆಡಲು ಬಿಡಿ, ಮಾತು ಅಲ್ಲೇ ಬೆಳೆಯುತ್ತದೆ ಎಂದೂ ಹೇಳಿದ್ದರು. ಬಿಡುವುದೇನೋ ಸರಿ, ಇವನು ಸೇರಬೇಕಲ್ಲ! ಕಿವಿಗೆ ಬಿದ್ದದ್ದನ್ನು ಗಿಣಿಯ ಹಾಗೆ ಒಪ್ಪಿಸುತ್ತಿದ್ದ, ಅಷ್ಟೇ. ಇನ್ನೊಬ್ಬರಿಗೆಂದು ಒಂದು ಮಾತು ಆಡಿದವನಲ್ಲ, ನನ್ನನ್ನು 'ಅಮ್ಮ' ಎಂದು ಕರೆದವನೂ ಅಲ್ಲ. ಇಡೀ ದಿನ ರಸ್ತೆಗೆ ಮುಖ ಮಾಡಿ ಬಸ್ಸಿನ ಚಕ್ರ ನೋಡುತ್ತಿದ್ದ.

"ಅವ್ನಿಗೆ ಬಸ್ ಅಂದ್ರೆ ಇಷ್ಟ ಅಲ್ವೇನವ್ವ? ಬುಡು, ಅದ್ನೇ ಓಡ್ಸಾನ," ಎಂದರು ಮಾವ ಒಂದು ಸಂಜೆ.

ಬಾವಿ ಹಗ್ಗದ ಎರಡು ತುದಿ ಸೇರಿಸಿ ಗಂಟು ಹಾಕಿ, ಬೀದಿಯ ಮಕ್ಕಳನ್ನೆಲ್ಲ ಅದರೊಳಗೆ ನಿಲ್ಲಿಸಿದರು. ಮುಂದೆ ಡ್ರೈವರ್ ಆಗಿ ಎದುರುಮನೆಯ ಹುಡುಗಿ, ಹಿಂದೆ ಕಂಡಕ್ಟರ್ ಆಗಿ ನನ್ನ ಮಗ. ಕಾನೂನು ಒಂದೇ: ಕಂಡಕ್ಟರ್ 'ರೈಟ್' ಅನ್ನದೆ ಬಸ್ಸು ಹೊರಡಬಾರದು.

ಅವನು ಅನ್ನಲಿಲ್ಲ. ಮಕ್ಕಳು ಚಡಪಡಿಸಿದವು. "ಅವ್ನೇಳಕಿಲ್ಲ ಕಣ್ ತಾತ, ನಾನೇಳ್ತೀನಿ!" ಎಂದ ಒಬ್ಬ.

"ಇರ್ಲಾ, ಕಂಡಕ್ಟ್ರಿಗೆ ಅರ್ಜೆಂಟ್ ಮಾಡ್ಬಾರ್ದು," ಎಂದರು ಮಾವ. ಆ ಗಂಟಲು ಹೇಗೆ ಅಷ್ಟು ಮೆತ್ತಗಾಯಿತೋ! ಜೋರು ದನಿಗೆ ನನ್ನ ಮಗ ಕಿವಿ ಮುಚ್ಚಿಕೊಳ್ಳುವುದನ್ನು ಅವರು ಗಮನಿಸಿದ್ದರು.

ದಿನವೂ ಇದೇ ಆಟ. ಬಸ್ಸು ನಿಂತಲ್ಲೇ ನಿಂತಾಗ ಮಕ್ಕಳಿಗೆ ಬೇಸರವಾಗದಿರಲೆಂದು ಮಾವ ಹುಣಸೂರು ಲೈನಿನ ಕತೆ ಶುರುಮಾಡುತ್ತಿದ್ದರು. ಕಟ್ಟೆಮಳಲವಾಡಿಯಲ್ಲಿ ಹತ್ತಿದ ಕೋಳಿ ಡ್ರೈವರ್ ತಲೆಯ ಮೇಲೆ ಕೂತದ್ದನ್ನು ಎಷ್ಟು ಸಲ ಹೇಳಿದರೋ! ಒಂದು ದಿನ ಕತೆಯ ನಡುವೆ ಮಗ ನೆಲ ನೋಡುತ್ತಲೇ 'ರೈಟ್' ಎಂದ. ಮಕ್ಕಳು ಹೋ ಎಂದು ಓಡಿದವು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಆಮೇಲೆ ಆದದ್ದು ಇನ್ನೂ ದೊಡ್ಡದು. ಬಸ್ಸು ಮೂಲೆ ತಿರುಗುವಾಗ ಪುಟ್ಟ ಹುಡುಗಿಯೊಬ್ಬಳು ಎಡವಿ ಬಿದ್ದಳು, ಮುಂದಿನವರಿಗೆ ಗೊತ್ತಾಗಲಿಲ್ಲ. ನನ್ನ ಮಗ ಅವಳನ್ನೇ ನೋಡುತ್ತ "ಹೋಲ್ಡಾನ್! ಹೋಲ್ಡಾನ್!" ಎಂದು ಕಿರುಚಿದ. ಎಲ್ಲರೂ ನಿಂತರು.

"ನಿನ್ ಮಗ ಪ್ಯಾಸೆಂಜರ್ನ ಬುಟ್ಟೋಗೋನಲ್ಲ ಕಣವ್ವ," ಎಂದ ಮಾವನ ಕಣ್ಣೂ ಒದ್ದೆಯಾಗಿತ್ತು. ಅಂಥ ಮನುಷ್ಯ ಪಕ್ಕದ ಮನೆಯಲ್ಲೇ ಸಿಕ್ಕಿದ್ದು ನನ್ನ ಪುಣ್ಯ.

ಆ ಆಟ ವರ್ಷಗಟ್ಟಲೆ ನಡೆಯಿತು. ಮಗ 'ಅಮ್ಮ' ಎಂದ, 'ನೀರು ಬೇಕು' ಎಂದ, ಜೊತೆಯ ಮಕ್ಕಳ ಹೆಸರು ಹಿಡಿದು ಕರೆದ. ಪ್ರಶ್ನೆ ಕೇಳುವುದು ಮಾತ್ರ ಅವನಿಗೆ ಬರಲಿಲ್ಲ.

ಒಂದು ಬೆಳಿಗ್ಗೆ ಎದೆನೋವು ಎಂದು ಕೂತ ಮಾವ ಮತ್ತೆ ಏಳಲಿಲ್ಲ. ಎಲ್ಲ ಮುಗಿದ ಮೇಲೆ, ಸಂಜೆ, ಮಗ ಅವರ ಮನೆಯ ಮುಂದೆ ಬಹಳ ಹೊತ್ತು ನಿಂತಿದ್ದ. ಆಮೇಲೆ ಬಂದು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡ.

"ಅಮ್ಮ, ತಾತ ಎಲ್ಲಿ?"

ಅವನು ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ ಅದು. ಅಂಥದ್ದೊಂದು ಮಾತಿಗಾಗಿ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದ ನಾನು ಅವನ ಕೈ ಹಿಡಿದು ಅಳುತ್ತ ನಿಂತೆ.